ಫೋನ್, ಟ್ಯಾಬ್ಲೆಟ್‌ಗಳಲ್ಲಿ ಸರಾಗವಾಗಿ ಓಡಬೇಕಾದ ವಿಡಿಯೊಗೆ ಯಾವ ಎನ್‌ಕೋಡಿಂಗ್ ಸೆಟ್ಟಿಂಗ್ ಸೂಕ್ತ?

ಕ್ಯಾಮೆರಾದಿಂದ ಬಂದ ದೊಡ್ಡ ಫೈಲನ್ನು ಮನೆಯವರೆಲ್ಲರೂ ಹಳೆಯ ಫೋನಿನಲ್ಲಿಯೂ ನೋಡುವಂತಾಗಬೇಕಿದ್ದರೆ, ಎಂಪಿ4 ಫೈಲಿನೊಳಗೆ ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ ಮತ್ತು ಎಎಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ ಆಡಿಯೊ ಇರುವಂತೆ ಆರಿಸಿಕೊಳ್ಳಿ. 2003ರಲ್ಲಿ ಬಂದ ಎಚ್.264 ಅನ್ನು ಡಿಕೋಡ್ ಮಾಡುವ (ಬಿಡಿಸಿ ತೋರಿಸುವ) ಹಾರ್ಡ್‌ವೇರ್ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳ ಚಿಪ್‌ನಲ್ಲಿಯೇ ಇರುವುದರಿಂದ ಪ್ರೊಸೆಸರಿಗೆ ಹೊರೆಯಾಗುವುದಿಲ್ಲ, ಬ್ಯಾಟರಿಯೂ ಬೇಗ ಇಳಿಯುವುದಿಲ್ಲ. 2013ರ ಎಚ್.265 ಅದೇ ಗುಣಮಟ್ಟವನ್ನು ಇನ್ನೂ ಚಿಕ್ಕ ಫೈಲಿನಲ್ಲಿ ಕೊಡುತ್ತದೆ ನಿಜ. ಆದರೆ ಯಾರ ಕೈಯಲ್ಲಿ ಯಾವ ಫೋನ್ ಇದೆಯೆಂದು ತಿಳಿಯದಿರುವಾಗ ಅದನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ಬಿಟ್‌ರೇಟ್ (ಸೆಕೆಂಡಿನ ವಿಡಿಯೊಗೆ ಬಳಸುವ ಬಿಟ್‌ಗಳ ಸಂಖ್ಯೆ) ಎಷ್ಟಿರಬೇಕೆಂದು ಊಹಿಸುವುದಕ್ಕಿಂತ, ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕವನ್ನು ನಿಗದಿಪಡಿಸಿ, ಬಿಟ್‌ಗಳ ಹಂಚಿಕೆಯನ್ನು ಎನ್‌ಕೋಡರಿಗೇ ಬಿಡುವುದು ಮೇಲು. ಎಚ್.264 ವಿಡಿಯೊ ತಯಾರಿಸುವ ಎಕ್ಸ್264 ಎನ್‌ಕೋಡರಿನಲ್ಲಿ ಇದರ ಡೀಫಾಲ್ಟ್ 23. ಅಂಕ ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ, ಫೈಲ್ ದೊಡ್ಡದು. 6 ಅಂಕ ಹೆಚ್ಚಿಸಿದರೆ ಫೈಲಿನ ಗಾತ್ರ ಸುಮಾರು ಅರ್ಧಕ್ಕಿಳಿಯುತ್ತದೆ. ಫೋನಿನ ಪರದೆಗೆ 1280×720 ರೆಸಲ್ಯೂಷನ್, 22 ಅಥವಾ 23ರ ಸಿಆರ್‌ಎಫ್ ಧಾರಾಳವಾಗಿ ಸಾಕೆಂಬುದು ನನ್ನ ಅಭಿಪ್ರಾಯ. ಫ್ರೇಮ್‌ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು) ಮೂಲದಲ್ಲಿದ್ದಂತೆಯೇ ಉಳಿಸಿ.

ಹಲವರು ಗಮನಿಸದ ಅಂಶವೊಂದಿದೆ. ಮೂಲ ವಿಡಿಯೊ 10 ಬಿಟ್‌ನದಾಗಿದ್ದರೆ (ಅಂದರೆ ಬಣ್ಣದ ಪ್ರತಿ ಮೌಲ್ಯವನ್ನೂ 10 ಬಿಟ್‌ಗಳಲ್ಲಿ ದಾಖಲಿಸಿದ್ದರೆ), ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶವು ಎಚ್.264 ಫೈಲನ್ನೂ 10 ಬಿಟ್‌ನಲ್ಲಿಯೇ ತಯಾರಿಸಿಬಿಡಬಹುದು. ಅಂಥದ್ದನ್ನು ಬಹುತೇಕ ಫೋನ್‌ಗಳ ಹಾರ್ಡ್‌ವೇರ್ ಡಿಕೋಡ್ ಮಾಡದ ಕಾರಣ, ಧ್ವನಿ ಕೇಳಿಸಿದರೂ ಚಿತ್ರ ಮೂಡದಿರಬಹುದು. ಆದ್ದರಿಂದ 8 ಬಿಟ್, 4:2:0 (ಬಣ್ಣದ ವಿವರವನ್ನು ಕಡಿಮೆ ಮಾಡಿ ದಾಖಲಿಸುವ ಕ್ರಮ) ಎಂದು ಸ್ಪಷ್ಟವಾಗಿ ನಮೂದಿಸಿ. ಇಂಟರ್ನೆಟ್ ಮೂಲಕ ನೋಡುವ ಫೈಲಾಗಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ‘ವೆಬ್ ಆಪ್ಟಿಮೈಸ್ಡ್’ ಆಯ್ಕೆಗೆ ಟಿಕ್ ಹಾಕಿ. ಆಗ ಫೈಲಿನ ಸೂಚಿ ಆರಂಭದಲ್ಲಿಯೇ ಇರುವುದರಿಂದ ಪೂರ್ತಿ ಡೌನ್‌ಲೋಡ್ ಆಗುವ ಮೊದಲೇ ವಿಡಿಯೊ ಓಡತೊಡಗುತ್ತದೆ.