ಕಟಿಂಗ್ ಪ್ಲೇಯರ್: ತಂತಿ ಎಲ್ಲಿಡಬೇಕು, ಬಾಯಿ ಯಾಕೆ ಕೆಡುತ್ತದೆ

ಇಕ್ಕಳ, ಪಕ್ಕಡ, ಪ್ಲೇಯರ್ – ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಈ ಸಲ ಹೆಚ್ಚಾಗಿ ಕೇಳಿರುವುದು ಈ ಒಂದು ಉಪಕರಣದ ಬಗ್ಗೆಯೇ.

ಪ್ರಶ್ನೆ: ಎಂಟು ಇಂಚಿನ ಪ್ಲೇಯರ್ ತಗೊಂಡು ಆರು ತಿಂಗಳಾಗಿಲ್ಲ. ಹತ್ತು ನಂಬರ್ ಜಿಐ (ಸತು ಲೇಪದ) ತಂತಿಯನ್ನು ಎರಡೂ ಕೈ ಹಾಕಿ ಒತ್ತಿದರೂ ತುಂಡಾಗುವುದಿಲ್ಲ. ಬಾಯಲ್ಲಿ ಕಚ್ಚು ಬೇರೆ ಬಿದ್ದಿವೆ. ಮಾಲೇ ಕಳಪೆಯೋ? ಇನ್ನೊಂದು, ಕಲ್ಲುಕಂಬಕ್ಕೆ ಮುಳ್ಳುತಂತಿ ಬಿಗಿಯುವಾಗ ಕಟ್ಟುತಂತಿ ಬುಡದಲ್ಲೇ ಮುರಿಯುತ್ತದೆ. ಯಾಕೆ?
– ಬೇಲಿ ಕೆಲಸದವರು, ಕುಷ್ಟಗಿ

ಉತ್ತರ: ಮಾಲಿನ ಮಾತು ಆಮೇಲೆ. ತಂತಿಯನ್ನು ಬಾಯಲ್ಲಿ ಎಲ್ಲಿ ಇಡುತ್ತೀರಿ ಎಂದು ಮೊದಲು ನೋಡಿಕೊಳ್ಳಿ. ಪ್ಲೇಯರ್ ಎಂದರೆ ಒಂದೇ ಕೀಲಿಗೆ ಕೂಡಿಸಿದ ಎರಡು ಸನ್ನೆಗೋಲು. ನಿಮ್ಮ ಮುಷ್ಟಿ ಹಿಡಿಯುವ ಜಾಗ ಕೀಲಿನಿಂದ 120 ಮಿ.ಮೀ. ದೂರ ಇದೆ ಎಂದುಕೊಳ್ಳಿ. ತಂತಿ ಕೀಲಿನಿಂದ 20 ಮಿ.ಮೀ. ಆಚೆ ಇದ್ದರೆ ಕೈಬಲ ಆರು ಪಟ್ಟಾಗುತ್ತದೆ. ಅದನ್ನೇ 10 ಮಿ.ಮೀ.ಗೆ ಸರಿಸಿದರೆ ಹನ್ನೆರಡು ಪಟ್ಟು. ಕೈಯಿಂದ 20 ಕೆ.ಜಿ. ಭಾರ ಹಾಕಿದರೆ ಮೊದಲ ಜಾಗದಲ್ಲಿ ತಂತಿಯ ಮೇಲೆ ಬೀಳುವುದು 120 ಕೆ.ಜಿ., ಎರಡನೆಯ ಜಾಗದಲ್ಲಿ 240 ಕೆ.ಜಿ. ಸರಿಸಿದ್ದು ಒಂದೇ ಸೆಂಟಿಮೀಟರ್! ತಂತಿಯನ್ನು ಕೀಲಿನ ಬುಡದ ತನಕ ನೂಕಿ ಒತ್ತಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹತ್ತು ನಂಬರ್ ತಂತಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿದೆ. ಪ್ಲೇಯರನ್ನು ಪೂರ್ತಿ ಅಗಲಿಸಿ ಕೀಲಿನ ಹೊರಬದಿ ನೋಡಿ. ಬಹಳಷ್ಟು ಪ್ಲೇಯರುಗಳಲ್ಲಿ ಅಲ್ಲಿ ಒಂದು ಸಣ್ಣ ಗಾಡಿ, ಅಂದರೆ ಅಡ್ಡಕ್ಕೆ ಕೊರೆದ ಸಂದು ಇರುತ್ತದೆ. ಅದನ್ನು ಅಲಂಕಾರ ಎಂದುಕೊಂಡು ವರ್ಷಗಟ್ಟಲೆ ಬಳಸದವರೇ ಹೆಚ್ಚು. ಒಳಗಿನ ಅಲಗುಗಳು ಎದುರುಬದುರು ಬಂದು ತಂತಿಯನ್ನು ಹಿಸುಕಿ ಕತ್ತರಿಸುತ್ತವೆ. ಈ ಗಾಡಿಯ ಎರಡು ಅಂಚುಗಳು ಕತ್ತರಿಯ ಹಾಗೆ ಒಂದರ ಪಕ್ಕ ಒಂದು ಸರಿಯುತ್ತವೆ, ಕೀಲಿಗೂ ತೀರಾ ಹತ್ತಿರ ಇರುತ್ತವೆ. ಹಿಡಿಕೆ ಅಗಲಿಸಿದಾಗ ಎರಡೂ ಗಾಡಿ ಒಂದರ ಮೇಲೊಂದು ಕೂಡುತ್ತವೆ. ತಂತಿ ತೂರಿಸಿ ಮುಚ್ಚಿದರೆ ತುಂಡು.

ತಂತಿಯ ನಂಬರ್ ಏರಿದಷ್ಟೂ ದಪ್ಪ ಇಳಿಯುತ್ತದೆ: 10 ನಂಬರ್ 3.25 ಮಿ.ಮೀ., 12 ನಂಬರ್ 2.64, 14 ನಂಬರ್ 2.03, ಗಾರೆ ಕೆಲಸದವರು ಕಂಬಿ ಕಟ್ಟುವ 18 ನಂಬರ್ 1.22 ಮಿ.ಮೀ. ಒಳಗಿನ ಅಲಗಿಗೆ 12 ನಂಬರ್ ತನಕ ಕೊಡಿ, 10 ನಂಬರನ್ನು ಗಾಡಿಗೆ ಬಿಡಿ.

ಇನ್ನು ಕಚ್ಚು ಬಿದ್ದದ್ದು. ಅಲಗು ಸರಿಯಾಗಿ ಗಟ್ಟಿ ಮಾಡಿದ್ದಾದರೆ ಮೆದು ತಂತಿಯಿಂದ ಕಚ್ಚು ಬೀಳುವುದಿಲ್ಲ. ಕಾಂಕ್ರೀಟ್ ಮೊಳೆ, ಸ್ಪ್ರಿಂಗ್, ಬೈಕಿನ ಕ್ಲಚ್ ಕೇಬಲ್, ಸೈಕಲ್ ಕಡ್ಡಿ – ಇವುಗಳಲ್ಲಿ ಯಾವುದೋ ಒಂದನ್ನು ಆ ಬಾಯಿಗೆ ಕೊಟ್ಟಿರಬೇಕು. ಹದ ಹಾಕಿದ (ಗಟ್ಟಿ ಮಾಡಿದ) ಉಕ್ಕು ಅಲಗಿನಷ್ಟೇ ಗಟ್ಟಿ ಇರಬಹುದು, ಆಗ ಸೋಲುವುದು ತೆಳ್ಳಗಿನ ಅಂಚು. ಅಂಥ ಮೊಳೆಯನ್ನೋ ಕಡ್ಡಿಯನ್ನೋ ಕತ್ತರಿಸಲೇಬೇಕಾದರೆ ಮೂರು ಮೂಲೆ ಅರದಿಂದ ಸುತ್ತ ಗೀರು ಹಾಕಿ, ಎರಡು ಕಡೆ ಹಿಡಿದು ಬಗ್ಗಿಸಿ ಮುರಿಯಿರಿ. ತುಂಡಾಗಲಿಲ್ಲ ಎಂದು ಪ್ಲೇಯರನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುವ ಅಭ್ಯಾಸ ಬಿಡಿ. ಅಲಗು ತಡೆಯುವುದು ನೇರ ಒತ್ತಡವನ್ನು. ಪಕ್ಕಕ್ಕೆ ಎಳೆದರೆ ಅಂಚು ಚಕ್ಕೆ ಏಳುತ್ತದೆ, ಕೀಲೂ ಸಡಿಲಾಗುತ್ತದೆ. ಹಿಡಿಕೆಗೆ ಪೈಪ್ ತೂರಿಸಿ ಉದ್ದ ಮಾಡುವುದೂ ಅಷ್ಟೇ ಕೆಟ್ಟದ್ದು.

ಕಟ್ಟುತಂತಿ ಬುಡದಲ್ಲಿ ಮುರಿಯುವುದಕ್ಕೆ ಕಾರಣ, ಎಳೆಯುವ ಕೆಲಸವನ್ನೂ ತಿರುಚಿಯೇ ಮಾಡಲು ಹೋಗುವುದು. ತಂತಿಯನ್ನು ತಿರುಚಿದಷ್ಟೂ ಅದು ಬಿರುಸಾಗುತ್ತದೆ, ಕೊನೆಗೆ ಪಟ್ಟೆಂದು ಹೋಗುತ್ತದೆ. 14 ನಂಬರ್ ತಂತಿಯನ್ನು ಕಂಬ ಬಳಸಿ ಮುಳ್ಳುತಂತಿಯ ಮೇಲಿಂದ ತನ್ನಿ. ಎರಡು ತುದಿಗಳನ್ನು ಕೈಯಲ್ಲೇ ಒಂದು ಸುತ್ತು ಹೆಣೆಯಿರಿ. ಹೆಣೆದ ಜಾಗದ ಒತ್ತಿಗೆ ಪ್ಲೇಯರಿನ ಮೂತಿಯಿಂದ ಎರಡನ್ನೂ ಸೇರಿಸಿ ಕಚ್ಚಿ. ಮೊದಲು ನಿಮ್ಮ ಕಡೆಗೆ ಜೋರಾಗಿ ಎಳೆಯಿರಿ, ಕಲ್ಲಿಗೆ ತಂತಿ ಕೂತು ಸಡಿಲು ಹೋಗಲಿ. ಎಳೆತ ಬಿಡದೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಎಳೆಯಿರಿ, ಮತ್ತೆ ಅರ್ಧ ಸುತ್ತು. ಒಟ್ಟು ಮೂರೋ ನಾಲ್ಕೋ ಸುತ್ತು ಸಾಕು. ಹೆಣಿಗೆಯ ಬುಡದಲ್ಲಿ ಸತುವಿನ ಲೇಪ ಪುಡಿಯಾಗಿ ಉದುರಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಬಾಲವನ್ನು ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಕಂಬದ ಕಡೆಗೆ ಮಡಚಿ.

ಬಿಗಿದ ಮುಳ್ಳುತಂತಿಯನ್ನು ಬಿಚ್ಚುವಾಗ, ಕತ್ತರಿಸುವ ಜಾಗದ ಎರಡೂ ಪಕ್ಕ ಅದನ್ನು ಕಂಬಕ್ಕೆ ಕಟ್ಟಿಕೊಂಡೇ ಪ್ಲೇಯರ್ ಹಾಕಿ. ಇಲ್ಲದಿದ್ದರೆ ತುದಿ ಚಾವಟಿಯ ಹಾಗೆ ಮುಖಕ್ಕೆ ಬರುತ್ತದೆ. ಹಳೇ ಬೇಲಿಯಾದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಮುಟ್ಟಲೇಬೇಡಿ.

ಪ್ರಶ್ನೆ: ಪಂಪ್‌ಸೆಟ್ ಶೆಡ್‌ನಾಗ ಹಸಿರು ಹಿಡಿಕಿ ಪ್ಲೇಯರ್ ಹಿಡದು ವಯರ್ ಕಟ್ ಮಾಡೂವಾಗ ಶಾಕ್ ಹೊಡೀತು. ಹಿಡಿಕಿಗೆ ರಬ್ಬರ್ ಐತಲ್ರೀ, ಮತ್ತ ಹೆಂಗ್ ಹೊಡೀತು?
– ಭತ್ತದ ರೈತರು, ಸಿಂಧನೂರು ತಾಲೂಕು

ಉತ್ತರ: ಹಿಡಿಕೆಗೆ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಅದು ಕರೆಂಟ್ ತಡೆಯುತ್ತದೆ ಎಂದಲ್ಲ. ಬಹಳಷ್ಟು ಪ್ಲೇಯರುಗಳ ತೊಗಲು (ಹಿಡಿಕೆಯ ಹೊದಿಕೆ) ಕೈ ಜಾರದಿರಲಿ ಎಂದು ಹಾಕಿದ್ದು. ಲೈವ್ ಕೆಲಸಕ್ಕೆ (ಕರೆಂಟ್ ಇರುವಾಗಲೇ ಮಾಡುವ ಕೆಲಸಕ್ಕೆ) ಎಂದೇ ಮಾಡಿದ ಪ್ಲೇಯರಿನ ಹಿಡಿಕೆಯ ಮೇಲೆ ಜೋಡಿ ತ್ರಿಕೋನದ ಗುರುತು, ಪಕ್ಕದಲ್ಲಿ 1000 ವಿ ಎಂಬ ಅಚ್ಚು ಇರುತ್ತದೆ. ಐಇಸಿ 60900 ಮಾನದಂಡದ ಪ್ರಕಾರ ಅಂಥದ್ದನ್ನು 10,000 ವೋಲ್ಟಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಬೆರಳು ಲೋಹದ ಕಡೆ ಜಾರದಂತೆ ಹಿಡಿಕೆಯ ಮೇಲ್ತುದಿಯಲ್ಲಿ ಉಬ್ಬಿದ ಅಡ್ಡಗಟ್ಟೂ ಇರುತ್ತದೆ. ಪೇಟೆಯಲ್ಲಿ ಬಿಡಿಯಾಗಿ ಸಿಗುವ ತೊಗಲು ತೂರಿಸಿದರೆ ಈ ಗುಣ ಬರುವುದಿಲ್ಲ. ಸೀಳಿದ ತೊಗಲಿಗೆ ಟೇಪ್ ಸುತ್ತಿದರೂ ಬರುವುದಿಲ್ಲ. ಹಸಿ ಕೈ, ಕೆಸರು ನೆಲ, ಕೂದಲೆಳೆಯಷ್ಟು ಸೀಳು – ಪಂಪ್‌ಸೆಟ್ ಲೈನಿನ 415 ವೋಲ್ಟಿಗೆ ಇಷ್ಟೇ ಸಾಕು.

ಗುರುತಿದ್ದ ಪ್ಲೇಯರ್ ತಂದರೂ ಲೈನ್ ಬಂದ್ ಮಾಡದೆ ನೀವು ಕೈ ಹಾಕಬಾರದು. ಸ್ಟಾರ್ಟರ್ ಆಫ್ ಮಾಡಿ, ಆಮೇಲೆ ಮೇನ್ ಸ್ವಿಚ್ ಇಳಿಸಿ. ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಯಾಕೆಂದರೆ ಶೆಡ್ಡಿಗೆ ಬಂದ ಇನ್ನೊಬ್ಬರು ಗೊತ್ತಿಲ್ಲದೆ ಮೇನ್ ಏರಿಸುವುದುಂಟು. ಟೆಸ್ಟರನ್ನು ಕರೆಂಟ್ ಇರುವ ಬೇರೆ ಕಡೆ ಹಚ್ಚಿ ಅದು ಉರಿಯುತ್ತದೆ ಎಂದು ನೋಡಿಕೊಂಡು, ಬಳಿಕ ಮೂರೂ ತಂತಿಗೆ ಹಚ್ಚಿ. ಎರಡು ಫೇಸಿನ ಮೇಲೆ ಮೋಟಾರ್ ಓಡಿಸಲು ಕಂಡೆನ್ಸರ್ ಹಾಕಿದ್ದರೆ ಮೇನ್ ಇಳಿಸಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಅದನ್ನು ಬರಿದು ಮಾಡುವುದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಕಂಬದ ಮೇಲಿನ ಕೆಲಸ ಜೆಸ್ಕಾಂ ಲೈನ್‌ಮನ್‌ಗಳದ್ದೇ.

ಎರಡು ಎಳೆಯನ್ನು ಒಟ್ಟಿಗೆ ಎಂದೂ ಕತ್ತರಿಸಬೇಡಿ. ಅಕಸ್ಮಾತ್ ಕರೆಂಟ್ ಇದ್ದರೆ ಅಲಗೇ ಎರಡನ್ನೂ ಸೇರಿಸಿ ಶಾರ್ಟ್ ಆಗುತ್ತದೆ. ಎಷ್ಟೋ ಪ್ಲೇಯರುಗಳ ಅಲಗಿನ ನಡುವೆ ಕಾಣುವ, ಕರಗಿದಂಥ ದುಂಡನೆಯ ತೂತು ಹಾಗೆ ಆದದ್ದು.

ಪ್ರಶ್ನೆ: ಸಂಡೂರು ಕಡೆ ಅದಿರು ಲಾರಿಗಳ ಗ್ಯಾರೇಜು. ವಾರಕ್ಕೊಮ್ಮೆ ಎಣ್ಣೆ ಬಿಟ್ಟರೂ ಪ್ಲೇಯರಿನ ಕೀಲು ಬಿಗಿಯಾಗುತ್ತದೆ. ತುಕ್ಕು ಹಿಡಿದ ನಟ್ ಬಿಚ್ಚುವಾಗ ಜಾರಿ ಮೂಲೆ ಸವೆಯುತ್ತದೆ.
– ಮೆಕ್ಯಾನಿಕ್, ಸಂಡೂರು

ಉತ್ತರ: ಎಣ್ಣೆ ಬಿಟ್ಟರೂ ಅಲ್ಲ, ಒರೆಸದೆ ಎಣ್ಣೆ ಬಿಡುವುದರಿಂದಲೇ ಹೀಗಾಗುತ್ತದೆ. ನಿಮ್ಮೂರಿನ ಕೆಂಪು ಧೂಳು ಹೆಮಟೈಟ್ ಅದಿರಿನದು. ಅಕ್ಕಸಾಲಿಗರು ಒಡವೆಗೆ ಮೆರುಗು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಎಣ್ಣೆಯ ಜೊತೆ ಸೇರಿದರೆ ಅದು ಕೀಲಿನೊಳಗೆ ಕೂತು ಅರೆಯುತ್ತದೆ. ಪ್ಲೇಯರನ್ನು ಅಗಲಿಸಿ ರಾತ್ರಿಯಿಡೀ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಮುಳುಗಿಸಿಡಿ, ಹಿಡಿಕೆಯ ತೊಗಲು ಮಾತ್ರ ಮುಳುಗದಿರಲಿ. ಬೆಳಿಗ್ಗೆ ತೆರೆದು ಮುಚ್ಚಿ ಆಡಿಸಿ. ಕೆಂಪು ಕೆಸರು ಹೊರಗೆ ಬಂದಂತೆ ಬಟ್ಟೆಯಿಂದ ಒರೆಸಿ, ಒರೆಸಿದ ಬಟ್ಟೆ ಬೆಳ್ಳಗೆ ಬರುವ ತನಕ. ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ. ಹತ್ತು ಸಲ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಗ್ರೀಸ್ ಬೇಡ, ಧೂಳನ್ನು ಅದು ಇನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ನಟ್ಟಿಗೆ ಪಾನಾ ಹಾಕಿ. ಪ್ಲೇಯರಿನ ಬಾಯಿ ಓರೆಯಾಗಿ ತೆರೆಯುವುದರಿಂದ ನಟ್ಟಿನ ಎರಡು ಬದಿಗಳನ್ನು ಅದು ಸಮವಾಗಿ ಹಿಡಿಯುವುದಿಲ್ಲ, ಹಲ್ಲುಗಳ ಭಾರವೆಲ್ಲ ಮೂಲೆಯ ಮೇಲೆ ಬೀಳುತ್ತದೆ. ಮೂಲೆ ಆಗಲೇ ಸವೆದಿದ್ದರೆ ಲಾಕ್ ಆಗುವ ಗ್ರಿಪ್ ಪ್ಲೇಯರ್ ತಗೊಳ್ಳಿ. ಹಿಡಿಕೆಯ ಹಿಂದಿನ ಸ್ಕ್ರೂ ತಿರುಗಿಸಿ, ಮುಚ್ಚುವಾಗ ಟಕ್ ಎಂದು ಕೂರುವಷ್ಟು ಬಿಗಿ ಮಾಡಿಕೊಳ್ಳಿ. ಪೈಪಿಗೆ ವಾಟರ್ ಪಂಪ್ ಪ್ಲೇಯರ್ (ಬಾಯಿಯ ಅಗಲ ಬದಲಿಸಬಹುದಾದ ಪ್ಲೇಯರ್) ಹಾಕುವಾಗ ಒಂದು ದಿಕ್ಕಿಗೆ ತಿರುಗಿಸಿದರೆ ಬಾಯಿ ತಾನಾಗಿ ಬಿಗಿಯಾಗಿ ಕಚ್ಚುತ್ತದೆ, ಇನ್ನೊಂದು ದಿಕ್ಕಿಗೆ ಜಾರುತ್ತದೆ. ಜಾರಿದರೆ ಪ್ಲೇಯರನ್ನೇ ಮಗುಚಿ ಹಾಕಿ.

ಪ್ರಶ್ನೆ: ವೆಲ್ಡಿಂಗ್ ಮಾಡಿದ ಬಿಸಿ ತುಂಡನ್ನು ಪ್ಲೇಯರಿನಲ್ಲಿ ಹಿಡಿಯಬಹುದೇ?
– ಗಿಣಿಗೇರಿ

ಉತ್ತರ: ಬೇಡ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಾಗ ಉಕ್ಕಿಗೆ ನೀಲಿ ಬಣ್ಣ ಬರುತ್ತದೆ. ಮೂತಿ ನೀಲಿಗಟ್ಟಿತೆಂದರೆ ಹದ ಇಳಿದಿದೆ, ಹಲ್ಲು ಬೇಗ ಸವೆಯುತ್ತದೆ ಎಂದೇ ಅರ್ಥ. ತಣ್ಣೀರಿಗೆ ಅದ್ದಿದರೆ ಹೋದ ಹದ ವಾಪಸ್ ಬರುವುದಿಲ್ಲ. ಕುಲುಮೆಯ ಉದ್ದ ಹಿಡಿಕೆಯ ಇಕ್ಕಳ ಇರುವುದೇ ಈ ಕೆಲಸಕ್ಕೆ.

ಪ್ರಶ್ನೆ: ಜೀನ್ಸ್ ಪ್ಯಾಂಟಿಗೆ ತಪ್ಪು ಜಾಗದಲ್ಲಿ ಕೂತ ಲೋಹದ ಗುಂಡಿಯನ್ನು ಬಟ್ಟೆ ಹರಿಯದೆ ತೆಗೆಯುವುದು ಹೇಗೆ?
– ಜೀನ್ಸ್ ಯೂನಿಟ್, ಬಳ್ಳಾರಿ

ಉತ್ತರ: ಎರಡು ಪ್ಲೇಯರ್ ಬೇಕು. ಗುಂಡಿಯ ಹಿಂದೆ ಬಟ್ಟೆಯ ಒಳಮೈಯಲ್ಲಿ ಮೊಳೆಯ ತಲೆ ಇರುತ್ತದೆ. ಅದರ ಅಂಚನ್ನು ಚೂಪು ಮೂತಿಯ ನೋಸ್ ಪ್ಲೇಯರಿನಿಂದ ಹಿಡಿಯಿರಿ. ಮುಂದಿನ ಗುಂಡಿಯನ್ನು ಕಟಿಂಗ್ ಪ್ಲೇಯರಿನ ನಡುವಿನ ದುಂಡು ಹಲ್ಲಿನಲ್ಲಿ ಹಿಡಿದು, ಹೊರಕ್ಕೆ ಎಳೆಯುತ್ತ ಎಡಕ್ಕೂ ಬಲಕ್ಕೂ ತಿರುಚಿ. ಮೊಳೆ ಸಡಿಲಾಗಿ ಬಿಟ್ಟುಕೊಳ್ಳುತ್ತದೆ. ಬಟ್ಟೆಯನ್ನು ಹಿಡಿದು ಎಳೆದರೆ ತೂತು ದೊಡ್ಡದಾಗುತ್ತದೆ, ಬಲವೆಲ್ಲ ಎರಡು ಪ್ಲೇಯರುಗಳ ನಡುವೆಯೇ ಇರಲಿ. ಅದೇ ತೂತಿಗೆ ಮತ್ತೆ ಗುಂಡಿ ಹೊಡೆಯುವುದಾದರೆ ಹಿಂದೆ ಡೆನಿಮ್‌ನ ಚಿಕ್ಕ ತುಂಡು ಕೊಡಿ.

ಪ್ರಶ್ನೆ: ಐಟಿಐ ಸೇರಿದ್ದೇನೆ. ಮೊದಲ ಪ್ಲೇಯರ್ ಕೊಳ್ಳುವಾಗ ಅಂಗಡಿಯಲ್ಲಿ ಏನು ನೋಡಬೇಕು?
– ವಿದ್ಯಾರ್ಥಿ, ರಾಯಚೂರು

ಉತ್ತರ: ಒಂದೇ ತಗೊಳ್ಳುವುದಾದರೆ 8 ಇಂಚಿನ, ಅಂದರೆ 200 ಮಿ.ಮೀ. ಕಾಂಬಿನೇಷನ್ ಪ್ಲೇಯರ್ – ಕಟಿಂಗ್ ಪ್ಲೇಯರ್ ಎನ್ನುವುದೂ ಇದನ್ನೇ. ಮುಷ್ಟಿ ಚಿಕ್ಕದಿದ್ದರೆ 7 ಇಂಚು. ಎರಡೂ ಹಿಡಿಕೆಗೆ ಬೆರಳು ಸಲೀಸಾಗಿ ಸುತ್ತಬೇಕು.

ಅಂಗಡಿಯಲ್ಲೇ ಒಂದು ತುಂಡು ತೆಳು ಕಾಗದ ಕೇಳಿ ತಗೊಳ್ಳಿ. ಅಲಗಿನ ಬುಡ, ನಡು, ತುದಿ ಮೂರು ಕಡೆಯೂ ಕತ್ತರಿಸಿ ನೋಡಿ. ಎಲ್ಲಾದರೂ ಹರಿಯದೆ ಮಡಚಿಕೊಂಡರೆ ಅಲ್ಲಿ ಅಲಗು ಕೂಡಿಲ್ಲ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗಲೂ ಅಲಗಿನ ಸಂದಿನಲ್ಲಿ ಬೆಳಕು ಕಾಣಬಾರದು. ಒಂದು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಪಕ್ಕಕ್ಕೆ ಅಲ್ಲಾಡಿಸಿ, ಕಟಕಟ ಎಂದರೆ ಆ ಪ್ಲೇಯರ್ ಬೇಡ. ತೆರೆದು ಮುಚ್ಚುವಾಗ ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಹದದಲ್ಲಿ ಆಡಬೇಕು. ಡ್ರಾಪ್ ಫೋರ್ಜ್ಡ್ ಎಂದು ಅಚ್ಚು ಇರುವುದನ್ನೇ ಕೇಳಿ: ಕಾಯಿಸಿ ಬಡಿದು ರೂಪ ಕೊಟ್ಟ ಉಕ್ಕು ಅದು. ಎರಕದ್ದು ಭಾರ ಬಿದ್ದಾಗ ಕೀಲಿನ ಹತ್ತಿರ ಒಮ್ಮೆಲೇ ಮುರಿಯಬಹುದು. ತುಂಬ ಅಗ್ಗದವುಗಳಲ್ಲಿ ಕ್ರೋಮ್ ಹೊಳಪಿನ ಕೆಳಗೆ ಮೆದು ಉಕ್ಕು ಇರುತ್ತದೆ. ಕೊಂಡ ದಿನವೇ 14 ನಂಬರ್ ಜಿಐ ತಂತಿಯನ್ನು ಅಲಗಿನ ಒಂದೇ ಜಾಗದಲ್ಲಿ ಹತ್ತು ಸಲ ಕತ್ತರಿಸಿ, ಆ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಬಿಲ್ ತಗೊಂಡು ಅಂಗಡಿಗೆ ವಾಪಸ್ ಹೋಗಿ.