ಹಳೆಯ ಟಾರ್ಗೆಟ್ ರಿವಾಲ್ವರ್: ಹಿಂದಿನ ಯಜಮಾನರ ಜಾಡು

ಪ್ರಶ್ನೆ: ತೀರಿಹೋದ ತಾತನ ರಿವಾಲ್ವರನ್ನು (ಇಂಗ್ಲೆಂಡಿನ ವೆಬ್ಲಿ ಕಂಪನಿಯ ಡಬ್ಲ್ಯು.ಜಿ. ಟಾರ್ಗೆಟ್, ಅಂದರೆ ಗುರಿ ಹೊಡೆಯುವ ಮಾದರಿ) ಡೀಲರ್ ಬಳಿ ಠೇವಣಿ ಇಟ್ಟಿದ್ದೇವೆ. ಹಿಡಿಯ ಹಿಂಬದಿ ಪಟ್ಟಿಯಲ್ಲಿ ಇಂಗ್ಲಿಷ್ ಇನಿಷಿಯಲ್ ಕೊರೆದಿದೆ. ತಾತನಿಗಿಂತ ಮುಂಚೆ ಅದು ಯಾರದಾಗಿತ್ತು ಎಂದು ತಿಳಿಯುವುದು ಹೇಗೆ?
– ಓದುಗರು, ಜಗಳೂರು

ಉತ್ತರ: ಇಂಗ್ಲೆಂಡಿಗೆ ಪತ್ರ ಬರೆಯುವುದು ಆಮೇಲೆ, ಮೊದಲು ತಾತನ ಲೈಸೆನ್ಸ್ ಪುಸ್ತಕ ಹುಡುಕಿ. ಆಯುಧ ಯಾರಿಂದ, ಯಾವ ತಾರೀಖಿಗೆ ಬಂತು ಎಂಬ ಷರಾ ಅದರಲ್ಲೇ ಇರುವುದುಂಟು. ಪುಸ್ತಕ ಕಳೆದಿದ್ದರೆ ಡಿ.ಸಿ. ಕಚೇರಿಯ ಕಡತವೇ ಗತಿ. ಬಹಳ ಜನ ದಾರಿ ತಪ್ಪುವುದು ಇಲ್ಲೇ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ ಜಗಳೂರಿನ ಲೈಸೆನ್ಸ್ ಕಡತ ಚಿತ್ರದುರ್ಗದ್ದು, ಚನ್ನಗಿರಿ, ಹೊನ್ನಾಳಿಯದಾದರೆ ಶಿವಮೊಗ್ಗದ್ದು, ಹರಪನಹಳ್ಳಿಯದು ಬಳ್ಳಾರಿಯದ್ದು. ಹಳೆಯ, ಹೊಸ ಎರಡೂ ಜಿಲ್ಲೆಗೆ ಅರ್ಜಿ ಹಾಕಿ. ತಯಾರಕರ ಹೆಸರು, ಬೋರ್ (ನಳಿಕೆಯ ಒಳ ಅಳತೆ), ನಂಬರ್, ಅಂದಾಜು ವರ್ಷ ಬರೆಯದೆ ‘ಹಳೆಯ ರಿವಾಲ್ವರಿನ ಮಾಹಿತಿ ಕೊಡಿ’ ಎಂದರೆ ‘ಲಭ್ಯವಿಲ್ಲ’ ಎಂಬ ಒಂದೇ ಸಾಲು ಬರುತ್ತದೆ. ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಇಟ್ಟಾಗ ಕೊಟ್ಟ ರಸೀದಿಗಳನ್ನೂ ಎಸೆಯಬೇಡಿ; ಯಾವ ವರ್ಷ ಯಾರ ಹೆಸರಿನಲ್ಲಿತ್ತು ಎಂಬುದಕ್ಕೆ ಅವೂ ಪುರಾವೆ.

ಇನ್ನು ಲೋಹದ ಮೇಲಿನ ಮುದ್ರೆಗಳು. ಡೀಲರ್ ಎದುರಿಗೆ ಅವರಿಂದಲೇ ಸಿಲಿಂಡರ್ ಖಾಲಿ ಇದೆಯೆಂದು ನೋಡಿಸಿ, ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಚೌಕಟ್ಟಿನ ನಂಬರಿಗೂ ಸಿಲಿಂಡರಿನ ನಂಬರಿಗೂ ತಾಳೆಯಾಗದಿದ್ದರೆ ಸಿಲಿಂಡರ್ ಬದಲಾಗಿರುವ ಸಂಭವವೇ ಹೆಚ್ಚು. ಪತ್ರದಲ್ಲಿ ಚೌಕಟ್ಟಿನದನ್ನೇ ಕೊಡಿ. ಕಿರೀಟದಡಿ ಅಡ್ಡಡ್ಡ ರಾಜದಂಡಗಳಿದ್ದರೆ ಅದು 1904ಕ್ಕೆ ಮುಂಚಿನ ಬರ್ಮಿಂಗ್‌ಹ್ಯಾಮ್ ಪ್ರೂಫ್ ಮುದ್ರೆ, ಅಂದರೆ ಆಯುಧ ಅಲ್ಲಿನ ಪರೀಕ್ಷೆಯಲ್ಲಿ ಪಾಸಾದ ಗುರುತು. ಅದರ ಜೊತೆಗೆ ‘ಬಿ.ಎನ್.ಪಿ.’ ಮುದ್ರೆಯೂ ಇದ್ದರೆ 1954ರ ನಂತರ ಅಲ್ಲಿ ಮತ್ತೆ ಪರೀಕ್ಷೆಗೆ ಒಳಗಾಗಿದೆ. ಹಾಗಿದ್ದಲ್ಲಿ ‘ಸ್ವಾತಂತ್ರ್ಯಕ್ಕೂ ಮುಂಚಿನಿಂದ ನಮ್ಮ ಮನೆಯಲ್ಲೇ ಇದೆ’ ಎಂಬ ಮಾತು ನಿಲ್ಲುವುದಿಲ್ಲ. ತುದಿಗೆ ತುದಿ ತಾಗಿಸಿದ ಎರಡು ಬಾಣದ ಗುರುತು ಕಂಡರೆ ಬ್ರಿಟಿಷ್ ಸೇನೆ ಅದನ್ನು ಮಾರಿಹಾಕಿದೆ ಎಂದರ್ಥ.

ನಳಿಕೆಯ ಮೇಲಿನ ಪಟ್ಟಿಯಲ್ಲಿ ‘ಆರ್ಮಿ ಅಂಡ್ ನೇವಿ’ ಎಂದು ಅಂಗಡಿಯ ಹೆಸರಿದ್ದರೆ ನಿಮ್ಮ ಅದೃಷ್ಟ. ಅವರ ಬಂದೂಕು ಲೆಡ್ಜರುಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿವೆ, ಕೊಂಡವರ ಹೆಸರೂ ಅಲ್ಲಿ ಸಿಗಬಹುದು. ಸ್ಮಿತ್ ಅಂಡ್ ವೆಸನ್ ಇಲ್ಲವೇ ಕೋಲ್ಟ್ ಆದರೆ ಶುಲ್ಕ ಕಟ್ಟಿ ಚರಿತ್ರೆ ಪತ್ರ ತರಿಸಬಹುದು. ಆದರೆ ಅದರಲ್ಲಿರುವುದು ಸಾಮಾನ್ಯವಾಗಿ ಕಾರ್ಖಾನೆಯಿಂದ ಹೊರಟ ತಾರೀಖು ಮತ್ತು ಮೊದಲ ವ್ಯಾಪಾರಿಯ ಹೆಸರು, ಯಜಮಾನನದಲ್ಲ. ಇನಿಷಿಯಲ್ಲನ್ನು ಹಳೆಯ ಇಂಡಿಯನ್ ಆರ್ಮಿ ಲಿಸ್ಟಿನೊಂದಿಗೆ (ಸೇನಾಧಿಕಾರಿಗಳ ಹೆಸರುಪಟ್ಟಿ) ಹೋಲಿಸಿ ನೋಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂಥ ಪಟ್ಟಿಗಳನ್ನು ಅಂತರ್ಜಾಲದಲ್ಲಿಟ್ಟಿದೆ. ಹಿಡಿಯ ಪಟ್ಟಿಯ ಲೋಹ ಸವೆದಿದ್ದೂ ಅಕ್ಷರದ ಅಂಚು ಮಾತ್ರ ಹರಿತವಾಗಿದ್ದರೆ ಬೆಲೆ ಏರಿಸಲು ಈಚೆಗೆ ಕೊರೆಸಿದ್ದೆಂದು ಅನುಮಾನಿಸಿ.

ಒಂದು ಎಚ್ಚರಿಕೆ: .455 ಗುಂಡು ಹಿಡಿಸುವ ರಿವಾಲ್ವರ್ ನಿಷೇಧಿತ ಬೋರಿನದು. ವಾರಸುದಾರರ ಲೈಸೆನ್ಸಿಗೂ ಕೇಂದ್ರ ಗೃಹ ಸಚಿವಾಲಯವೇ ಮನಸ್ಸು ಮಾಡಬೇಕು.

ಪ್ರಶ್ನೆ: ನೂರು ವರ್ಷ ದಾಟಿದ ರಿವಾಲ್ವರಿಗೆ ಲೈಸೆನ್ಸ್ ಬೇಡವಂತೆ, ನಿಜವೇ?
– ಓದುಗರು, ಚಿತ್ರದುರ್ಗ

ಉತ್ತರ: ಅಲ್ಲ. 1959ರ ಆಯುಧ ಕಾಯ್ದೆಯ ಕಲಂ 45(ಸಿ) ಬಿಟ್ಟಿರುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಆಯುಧವನ್ನು ಮಾತ್ರ. ಗುಂಡು ಹಾರುವುದಾದರೆ ವಯಸ್ಸು ಲೆಕ್ಕಕ್ಕಿಲ್ಲ. 2019ರ ತಿದ್ದುಪಡಿಯಂತೆ ಸಾಮಾನ್ಯ ಲೈಸೆನ್ಸ್‌ದಾರರಿಗೆ ಪಿತ್ರಾರ್ಜಿತವೂ ಸೇರಿ ಎರಡೇ ಬಂದೂಕು. ನಂಬರು ಉಜ್ಜಿ ತೆಗೆದದ್ದನ್ನು ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡಿ.

ಪ್ರಶ್ನೆ: ತುಕ್ಕಿನಡಿ ಮುಚ್ಚಿಹೋದ ಮುದ್ರೆ ಓದುವುದು ಹೇಗೆ?
– ಓದುಗರು, ಹೊಳಲ್ಕೆರೆ

ಉತ್ತರ: ಹುಣಸೆಹಣ್ಣು, ಉಪ್ಪುಕಾಗದ, ಹಿತ್ತಾಳೆ ಪಾಲಿಶ್ ಮೂರೂ ಬೇಡ, ಮುದ್ರೆಯ ಅಂಚನ್ನೇ ತಿಂದುಬಿಡುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು, ಒಂದು ರಾತ್ರಿ ನೆನೆಸಿ, ಹತ್ತಿ ಬಟ್ಟೆಯಿಂದ ಒರೆಸಿ. ಬೇಕಿದ್ದರೆ ಇದನ್ನೇ ಎರಡು ಮೂರು ಸಲ ಮಾಡಿ. ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡುನೀಲಿ ಹೊಳಪು) ಮಾಡಿಸಿದರೆ ಸಂಗ್ರಹಕಾರರ ಕಣ್ಣಲ್ಲಿ ಅರ್ಧ ಬೆಲೆ ಹೋದಂತೆಯೇ. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವೂ ಸೇರಿ ತುಕ್ಕು ಹಿಡಿಸುತ್ತದೆ. ಠಾಣೆಗೆ ಕೊಡುವ ಮುನ್ನ ತೆಳುವಾಗಿ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ನಂಬರ್ ಬರೆದ ಚೀಟಿ ಹೊರಗೆ ಕಟ್ಟಿ ಕೊಡಿ.