ಕಣ್ಣಲ್ಲಿ ಹೂ ಬೀಳುವ ಮೊದಲು

ಓದುಗರ ಪ್ರಶ್ನೆ, ತಜ್ಞರ ಉತ್ತರ. ಭತ್ತದ ಕೊಯ್ಲು, ಅಡಿಕೆ ಕೊನೆ ತೆಗೆಯುವ ಕಾಲವಾದ್ದರಿಂದಲೋ ಏನೋ, ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಣ್ಣಿಗೆ ಏನೋ ತಾಗಿದ ಮೇಲಿನ ತೊಂದರೆಗಳದ್ದೇ. ಉತ್ತರಿಸಿದವರು ನಮ್ಮ ನೇತ್ರತಜ್ಞರ ಬಳಗ.

ಭತ್ತ ಬಡಿಯುವಾಗ ಅಪ್ಪಯ್ಯನ ಕಣ್ಣಿಗೆ ಸುಂಕು ಹೊಡೆಯಿತು. ಔಷಧಿ ಅಂಗಡಿಯಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದೆವು. ಎರಡೇ ದಿನಕ್ಕೆ ಕೆಂಪು, ನೋವು ಎಲ್ಲ ಇಳಿಯಿತು. ಈಗ ಹತ್ತನೇ ದಿನ. ಕರಿಗುಡ್ಡೆ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ಕಾಣುತ್ತಿದೆ, ಬೆಳಕು ನೋಡಲಿಕ್ಕೆ ಆಗುತ್ತಿಲ್ಲ. ಅದೇ ಡ್ರಾಪ್ಸ್ ಮುಂದುವರಿಸಬಹುದಾ? (ತೀರ್ಥಹಳ್ಳಿ ತಾಲ್ಲೂಕು)

ಬೇಡ. ಆ ಬಿಳಿ ಚುಕ್ಕೆ ಕರಿಗುಡ್ಡೆಯ ಹುಣ್ಣಿರಬಹುದು, ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಇವರಿಗೆ ಪತ್ರ ತಲುಪಿದ ದಿನವೇ ಫೋನಿನಲ್ಲಿ ಉತ್ತರ ಹೇಳಿದ್ದೇವೆ. ಇದೇ ದಾರಿಯಲ್ಲಿರುವ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್ ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟೀರಾಯ್ಡ್. ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಬೆರೆಸಿದ ಡ್ರಾಪ್ಸ್ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಕಣ್ಣು ಕೆಂಪಾಗುವುದು, ನೋಯುವುದು ಎಂದರೆ ದೇಹ ಸೋಂಕಿನ ಜೊತೆ ಹೋರಾಡುತ್ತಿದೆ ಎಂದರ್ಥ. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಹಾಗಾಗಿ ಎರಡು ದಿನ ಹಾಯೆನಿಸುತ್ತದೆ, ಒಳಗೆ ರೋಗಾಣುವಿಗೆ ತಡೆಯುವವರೇ ಇರುವುದಿಲ್ಲ. "ಎರಡು ದಿನ ಗುಣ ಕಂಡಿತ್ತು" ಎಂಬ ಮಾತು ಕೇಳಿದ ಕೂಡಲೇ ನಮಗೆ ಅನುಮಾನ ಬರುವುದು ಇದಕ್ಕೇ.

ಎರಡನೆಯದು, ಇಲ್ಲಿ ರೋಗಾಣು ಯಾವುದು ಎಂಬುದು. ಭತ್ತದ ಸುಂಕು, ಕಬ್ಬಿನ ಗರಿ, ಅಡಿಕೆ ಸೋಗೆ, ಕಳೆ ಹೊಡೆಯುವ ಮಷಿನ್ನಿನಿಂದ ಸಿಡಿದ ಹುಲ್ಲು ಇಂಥವು ತಾಗಿ ಆದ ಹುಣ್ಣಿನಲ್ಲಿ ಮೊದಲು ಸಂಶಯಪಡಬೇಕಾದದ್ದು ಶಿಲೀಂಧ್ರವನ್ನು, ಅಂದರೆ ಬೂಷ್ಟನ್ನು. ಫ್ಯುಸೇರಿಯಂ, ಆಸ್ಪರ್‌ಜಿಲಸ್ ಎಂಬ ಎರಡು ಜಾತಿಗಳದ್ದೇ ಮೇಲುಗೈ. ಇವು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವಂಥವೇ. ಒದ್ದೆ ಮಲೆನಾಡಿನಲ್ಲಿ ಅವಕ್ಕೇನು ಬರ. ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ಬೂಷ್ಟನ್ನು ಮುಟ್ಟುವುದೂ ಇಲ್ಲ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ. ತಪ್ಪು ಔಷಧಿಯಲ್ಲಿ ಕಳೆದ ಒಂದೊಂದು ದಿನವೂ ಆ ಅರ್ಧ ಮಿಲಿಮೀಟರಿನಲ್ಲಿ ಕಡಿತ.

ಆಸ್ಪತ್ರೆಯಲ್ಲಿ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಹುಣ್ಣಿನ ಅಂಚು, ತಳವನ್ನು ಸಣ್ಣ ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ಹೆದರಬೇಡಿ, ನೋವಾಗುವುದಿಲ್ಲ. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಎಳೆಗಳಿದ್ದಲ್ಲಿ ಅಂದೇ ಕಾಣುತ್ತವೆ. ಬ್ಯಾಕ್ಟೀರಿಯಾಕ್ಕೆ ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ ನೋಡುತ್ತಾರೆ. ಉಳಿದದ್ದನ್ನು ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡಲು, ಹಾಕುತ್ತಾರೆ. ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ, ಬೂಷ್ಟು ಕೆಲವೊಮ್ಮೆ ವಾರ ಹಿಡಿದು ಬೆಳೆಯುತ್ತದೆ. ಕೆರೆಯುವ ಮೊದಲೇ ಆಂಟಿಬಯೋಟಿಕ್ ಹಾಕಿಬಿಟ್ಟರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಆದ್ದರಿಂದ ಹಾಕಿದ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ, ಬೈಯುತ್ತಾರೆಂದು ಮುಚ್ಚಿಡಬೇಡಿ.

ಬೂಷ್ಟು ಎಂದಾದರೆ ಔಷಧಿ ಶೇ. 5ರ ನ್ಯಾಟಮೈಸಿನ್. ಹೊಸದೇನಲ್ಲ, 1950ರ ದಶಕದ್ದು. ಇದಕ್ಕಿಂತ ಹೊಸದಾದ, ಕಣ್ಣಿನೊಳಗೆ ಚೆನ್ನಾಗಿ ಇಳಿಯುವ ವೊರಿಕೊನಜೋಲ್ ಬಂದಾಗ ಅದೇ ಮೇಲೆಂದು ಬಹಳ ಜನ ಅಂದುಕೊಂಡಿದ್ದರು. ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಗೆದ್ದದ್ದು ಹಳೆಯದೇ. ಫ್ಯುಸೇರಿಯಂ ಇದ್ದ ಕಣ್ಣುಗಳಲ್ಲಿ ವ್ಯತ್ಯಾಸ ಎದ್ದು ಕಂಡಿತು. ವೊರಿಕೊನಜೋಲ್ ಹಾಕಿದವರಲ್ಲಿ ಕಾರ್ನಿಯಾ ತೂತಾಗುವುದು, ಕಸಿ ಮಾಡಬೇಕಾಗುವುದು ಹೆಚ್ಚು. ಆ ಪ್ರಯೋಗದ ಕ್ರಮ ಹೀಗಿತ್ತು: ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಂದು ಹನಿ, ಒಂದು ವಾರ. ಆಮೇಲೆ ಎರಡು ಗಂಟೆಗೊಮ್ಮೆ, ಮೂರು ವಾರ ತುಂಬುವವರೆಗೆ. ಎಷ್ಟೋ ಜನರಿಗೆ ಅದಕ್ಕಿಂತ ಹೆಚ್ಚು ದಿನ ಬೇಕಾಗುತ್ತದೆ. ನ್ಯಾಟಮೈಸಿನ್ ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಸುಣ್ಣದ ಹಾಗೆ ಕೂತಿರುತ್ತದೆ. ಪ್ರತಿ ಸಲ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು. ಕುಲುಕದೆ ಹಾಕಿದರೆ ಮೊದಲ ವಾರ ನೀರು, ಕೊನೆಗೆ ಗಸಿ. ಹುಣ್ಣಿನ ಮೇಲೆ ಬಿಳಿಯಾಗಿ ಅಂಟಿದ್ದನ್ನು ಒರೆಸಲು ಹೋಗಬೇಡಿ, ಅದು ಔಷಧಿ.

ಹುಣ್ಣು ಮಾಯ್ದ ಮೇಲೂ ಬಿಳಿ ಕಲೆ ಉಳಿಯುತ್ತದೆ. ನಮ್ಮ ಕಡೆ "ಕಣ್ಣಲ್ಲಿ ಹೂ ಬಿತ್ತು" ಎನ್ನುವುದು ಇದನ್ನೇ. ನಡುವೆ ಬಿದ್ದರೆ ದೃಷ್ಟಿ ಕಡಿಮೆ, ಬದಿಗೆ ಬಿದ್ದರೆ ಅಷ್ಟು ತೊಂದರೆಯಿಲ್ಲ.

ಹಾಗಾದರೆ ಕಣ್ಣಿಗೆ ಕಡ್ಡಿ ತಾಗಿದ ದಿನ ಮನೆಯಲ್ಲೇ ಏನು ಹಾಕಬೇಕು? ಶಿವಮೊಗ್ಗ ನಮಗೆ ಹತ್ತಿರವಲ್ಲ. (ಹೊಸನಗರ)

ಕುಡಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ, ಪಟ್ಟಿ ಕಟ್ಟಬೇಡಿ. ಪಟ್ಟಿಯ ಒಳಗಿನ ಬಿಸಿ, ತೇವ ಬೂಷ್ಟಿಗೆ ಹಬ್ಬ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಗೀರು ಮಾತ್ರ ಇದ್ದರೆ, ಹುಣ್ಣು ಇನ್ನೂ ಆಗಿಲ್ಲದಿದ್ದರೆ ಆಂಟಿಬಯೋಟಿಕ್ ಮುಲಾಮು ಬರೆದುಕೊಡುತ್ತಾರೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರು ಹೀಗೆ ಕಣ್ಣು ಗೀರಿದವರಿಗೆ ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದ ಅಧ್ಯಯನ 2001ರಲ್ಲಿ ಬಂದಿತ್ತು. 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಅದೇ ದೇಶದಲ್ಲಿ ಮುಂದೆ ನಡೆದ ದೊಡ್ಡ ಪ್ರಯೋಗದಲ್ಲಿ ಊರಿಗೆ ಊರೇ ಲೆಕ್ಕ ಹಾಕಿದಾಗ ಇಷ್ಟು ಲಾಭ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಸ್ಟೀರಾಯ್ಡ್ ಇಲ್ಲದ ಸಾದಾ ಮುಲಾಮು, ಮರುದಿನವೇ ಮತ್ತೆ ಪರೀಕ್ಷೆ, ಇವೆರಡರಲ್ಲಿ ನಷ್ಟವಿಲ್ಲ. ಮರುದಿನ ನೋವು ಹೆಚ್ಚಿದ್ದರೆ, ಬಿಳಿ ಚುಕ್ಕೆ ಕಂಡರೆ, ಬಸ್ಸು ಹತ್ತಿ.

ನಂದಿಬಟ್ಟಲು ಹೂವಿನ ರಸ, ಎದೆಹಾಲು ಹಾಕಬಹುದೇ? (ಕೊಪ್ಪ)

ಗೀರಿದ ಕಣ್ಣಿಗೆ ಖಂಡಿತ ಬೇಡ. ಹೂವಿನಲ್ಲಿ ಗುಣವಿದೆಯೋ ಇಲ್ಲವೋ ಎಂಬುದು ಬೇರೆ ವಾದ. ಅದರ ಜೊತೆ ಬರುವ ಧೂಳು, ಬೀಜಕಣಗಳದ್ದೇ ಇಲ್ಲಿ ಸಮಸ್ಯೆ.

ಹಾಸ್ಟೆಲಿನಲ್ಲಿರುವ ಮಗನಿಗೆ ಮದ್ರಾಸ್ ಐ. ಡಾಕ್ಟರು ಆಂಟಿಬಯೋಟಿಕ್ಕೇ ಕೊಡಲಿಲ್ಲ, ಬರೀ ಕಣ್ಣೀರಿನಂಥ ಡ್ರಾಪ್ಸ್ ಕೊಟ್ಟಿದ್ದಾರೆ. ಸರಿಯೇ? (ಸಾಗರ)

ಸರಿಯೇ. 1918ರಲ್ಲಿ ಮದ್ರಾಸಿನಲ್ಲಿ ಗುರುತಿಸಿದ್ದರಿಂದ ಆ ಹೆಸರು. ಹೆಚ್ಚಾಗಿ ಅಡೆನೋವೈರಸ್ಸಿನದು, ವೈರಸ್ಸಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ನೀರು ನೀರಾಗಿ ಸುರಿಯದೆ, ಹಳದಿ ಕೀವು ದಪ್ಪಗೆ ಬಂದು ಬೆಳಿಗ್ಗೆ ರೆಪ್ಪೆ ಅಂಟಿಕೊಂಡರೆ ಬ್ಯಾಕ್ಟೀರಿಯಾ ಇರಬಹುದು, ಆಗ ಮತ್ತೆ ತೋರಿಸಿ. ನೋಟ ಮಂಜಾದರೂ, ಬೆಳಕು ಚುಚ್ಚಿದರೂ ತೋರಿಸಿ. ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಅಂಟುವುದಿಲ್ಲ. ಅಂಟುವುದು ಟವೆಲ್, ದಿಂಬು, ಬಾಗಿಲ ಚಿಲಕ, ಕೈಯಿಂದ. ಸೋಪು ಹಾಕಿ ಕೈ ತೊಳೆಯಲಿ, ಟವೆಲ್ ಬೇರೆ ಇರಲಿ.

ಕೊಳೆ ಔಷಧಿ ಮಾಡುವಾಗ ಸುಣ್ಣ ಕಣ್ಣಿಗೆ ಸಿಡಿದು ಕೆಲಸದವರೊಬ್ಬರಿಗೆ ಬಹಳ ತೊಂದರೆಯಾಯಿತು. ಮುಂದೆ ಏನು ಎಚ್ಚರ ವಹಿಸಬೇಕು? (ಶೃಂಗೇರಿ)

ಇದು ಸೋಂಕಲ್ಲ, ಸುಟ್ಟಗಾಯ. ಆದರೆ ಸುಟ್ಟ ಕಣ್ಣಿನಲ್ಲಿ ಸೋಂಕು ಸುಲಭವಾಗಿ ಹಿಡಿಯುವುದರಿಂದ ಇಲ್ಲಿ ಉತ್ತರಿಸುತ್ತಿದ್ದೇವೆ. ಕೊಳೆ ಔಷಧಿಯೆಂದರೆ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅದಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸಿಂಪಡಿಸುವಾಗಿನ ಹನಿಗಿಂತ ಸುಣ್ಣ ಅರಳಿಸುವಾಗಿನ ಸಿಡಿತ ಹೆಚ್ಚು ಅಪಾಯ. ಆಮ್ಲ ತಾಗಿದರೆ ಮೇಲ್ಪದರ ಗಟ್ಟಿಯಾಗಿ ಅದೇ ಸ್ವಲ್ಪ ತಡೆಯಾಗುತ್ತದೆ. ಸುಣ್ಣ ಹಾಗಲ್ಲ, ಕೊಬ್ಬನ್ನು ಸೋಪು ಮಾಡುತ್ತಾ ಒಳಗಿಳಿಯುತ್ತಲೇ ಇರುತ್ತದೆ. ಮೊದಲು ಗಾಡಿ ಹುಡುಕಬೇಡಿ, ನೀರು ಹುಡುಕಿ. ತೋಟದ ಪೈಪಿನ ನೀರಾದರೂ ಸರಿ, ರೆಪ್ಪೆ ಬಿಡಿಸಿ ಹಿಡಿದು ಮೆಲ್ಲಗೆ ಕನಿಷ್ಠ ಅರ್ಧ ಗಂಟೆ ಹರಿಸಿ. ನಿಂಬೆರಸ, ಮಜ್ಜಿಗೆ ಹಾಕಿ "ಸುಣ್ಣ ಮುರಿಯುವ" ಕೆಲಸ ಬೇಡ. ಸುಣ್ಣದ ಹರಳು ಮೇಲಿನ ರೆಪ್ಪೆಯ ಒಳಮಡಿಕೆಯಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಸುಡುತ್ತಿರುತ್ತದೆ, ಅದನ್ನು ತೆಗೆಯಲು ರೆಪ್ಪೆ ಎರಡು ಸಲ ಮಗುಚಬೇಕು. ಅದು ಆಸ್ಪತ್ರೆಯ ಕೆಲಸ, ತೊಳೆದ ಮೇಲೆ ಅಲ್ಲಿಗೆ ಹೋಗಲೇಬೇಕು. ಅಲ್ಲಿ ಕಣ್ಣಿನ ಆಮ್ಲ-ಕ್ಷಾರದ ಮಟ್ಟ ಪಟ್ಟಿಯಿಂದ ನೋಡಿ ಸರಿಯಾಗುವವರೆಗೂ ತೊಳೆಯುತ್ತಾರೆ. ಕವಳದ (ಎಲೆ ಅಡಿಕೆಯ) ಸುಣ್ಣದ ಪ್ಯಾಕೆಟ್ ಮಕ್ಕಳು ಹಿಸುಕಿ ಕಣ್ಣಿಗೆ ಸಿಡಿಸಿಕೊಳ್ಳುವುದೂ ಇದೇ ಲೆಕ್ಕ. ಕನ್ನಡಕ ಬೆವರಿಗೆ ಮಬ್ಬಾಗುತ್ತದೆಂದು ಮರವೇರುವವರು ಹಾಕುವುದಿಲ್ಲ, ಒಪ್ಪುತ್ತೇವೆ. ಕೆಳಗೆ ಸುಣ್ಣ ಕಲಸುವವರಿಗೆ ಆ ನೆಪವಿಲ್ಲ.

ಗಂಟೆಗೊಮ್ಮೆ ಎರಡೆರಡು ಹನಿ ಹಾಕಿದರೂ ಗುಣ ಕಾಣುತ್ತಿಲ್ಲ. ಹಾಕುವುದರಲ್ಲೇ ತಪ್ಪಿರಬಹುದೇ? (ಸೊರಬ)

ಇರಬಹುದು. ಕೆಳರೆಪ್ಪೆಯ ಮಡಿಕೆಯಲ್ಲಿ ನಿಲ್ಲುವುದು ಒಂದು ಹನಿಯಷ್ಟೇ, ಎರಡನೆಯದು ಕೆನ್ನೆಗೆ. ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆ ಎಳೆದು ಅಲ್ಲಿ ಒಂದು ಹನಿ ಬೀಳಿಸಿ, ಕಣ್ಣು ಮೆಲ್ಲಗೆ ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ. ಇಲ್ಲದಿದ್ದರೆ ಔಷಧಿ ಗಂಟಲಿಗಿಳಿದು ಬಾಯಿ ಕಹಿ. ಎರಡು ಬಗೆಯ ಡ್ರಾಪ್ಸಿದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಎಲ್ಲದರ ಕೊನೆಗೆ. ತುದಿ ರೆಪ್ಪೆಗೆ ತಾಗಿದರೆ ಬಾಟಲಿಯೇ ಸೋಂಕಿನ ಮನೆ.

ಇನ್ನೊಂದು ಲೆಕ್ಕ: 5 ಮಿಲಿಯ ಬಾಟಲಿಯಲ್ಲಿ ಸುಮಾರು 100 ಹನಿ. ದಿನಕ್ಕೆ 16 ಹನಿಯಾದರೆ ಆರನೇ ದಿನ ಮುಗಿಯುತ್ತದೆ. ಭಾನುವಾರ ಮುಗಿದು ಸೋಮವಾರದವರೆಗೆ ಕಾಯುವ ಬದಲು ಎರಡು ಬಾಟಲಿ ಒಟ್ಟಿಗೆ ತನ್ನಿ. ಉಳಿದದ್ದನ್ನು ತೆರೆದ 28 ದಿನಕ್ಕೆ ಎಸೆಯಿರಿ. ಆಸ್ಪತ್ರೆಯಲ್ಲೇ ಇಂಜೆಕ್ಷನ್ ಪುಡಿಯಿಂದ ಮಾಡಿಕೊಡುವ ಗಾಢ ಡ್ರಾಪ್ಸ್ ಆದರೆ ಫ್ರಿಜ್ಜಿನಲ್ಲಿಡಬೇಕು, ಅವು ಕೆಲವೇ ದಿನ ಬಾಳುತ್ತವೆ.

ಜ್ವರದ ಜೊತೆ ಎರಡೂ ಕಣ್ಣು ಕೆಂಪಾಗಿವೆ, ಕೀವಿಲ್ಲ. ಯಾವ ಡ್ರಾಪ್ಸ್? (ಆಗುಂಬೆ ಕಡೆಯವರು)

ಡ್ರಾಪ್ಸಿನ ಪ್ರಶ್ನೆಯೇ ಅಲ್ಲ. ಕಾಡಿಗೆ, ದರಕಿಗೆ (ಒಣಗಿದ ಎಲೆ ತರಲು) ಹೋಗಿಬಂದವರಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ, ಗದ್ದೆ ಕೆಸರಿನಲ್ಲಿ ಕೆಲಸ ಮಾಡಿದವರಲ್ಲಿ ಇಲಿಜ್ವರ, ಎರಡರಲ್ಲೂ ಕಣ್ಣು ಹೀಗೆ ಕೆಂಪಾಗುತ್ತದೆ. ಇಲಿಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಆಂಟಿಬಯೋಟಿಕ್ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕಿಲ್ಲ. ಈಗಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ, ಕಾಡಿಗೆ ಹೋದದ್ದನ್ನು, ಉಣ್ಣೆ (ಉಣುಗು) ಕಚ್ಚಿದ್ದನ್ನು ಹೇಳಲು ಮರೆಯಬೇಡಿ.